ದೊಡ್ಡವ್ವ ಮೊಸರು ಬಿಟ್ಟ ಬೇಸಿಗೆ

ಆಗ ನಮ್ಮ ಕೊಂಡ್ಲಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ಬೆಳಗಿನ ಮೊಸರು ಮಧ್ಯಾಹ್ನಕ್ಕೇ ಹುಳಿ ತಿರುಗುತ್ತಿತ್ತು. ಫ್ರಿಜ್ ಅನ್ನುವ ಮಾತನ್ನು ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಮರಳು ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ಮೊಸರಿನ ಗಡಿಗೆ ಕೂರಿಸುತ್ತಿದ್ದರು. ಒದ್ದೆ ಮರಳಿನ ಆ ತಣ್ಣನೆಯ ವಾಸನೆ, ಒಲೆಯ ಮೇಲೆ ಶೇಂಗಾ ಹುರಿಯುವ ವಾಸನೆ, ಎರಡೂ ಸೇರಿದರೆ ನನಗೆ ಹಾಲಿಡೇಸ್. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಡಿಗೆ ದೊಡ್ಡವ್ವನದು. ದೊಡ್ಡವ್ವ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ಮದುವೆಯಾದ ಎರಡನೇ ವರ್ಷಕ್ಕೆ ದೊಡ್ಡಪ್ಪ ತೀರಿಕೊಂಡರಂತೆ, ಮಕ್ಕಳಿರಲಿಲ್ಲ. ಮೊಳಕಾಲ್ಮೂರಿನಿಂದ ತವರಿನವರು ಗಾಡಿ ಕಟ್ಟಿಕೊಂಡು ಕರೆದೊಯ್ಯಲು ಬಂದಾಗ ನಮ್ಮ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, “ಹೆಪ್ಪು ಹಾಕೋಳನ್ನ ಕರ್ಕೊಂಡು ಹೋದ್ರೆ ನನ್ನ ಮನೆ ಮೊಸರು ನೀವು ಬಂದು ನೋಡ್ತೀರಾ?” ಎಂದು ಕೇಳಿದ್ದಳಂತೆ. ಗಾಡಿ ಖಾಲಿ ಹೋಯಿತು. ದೊಡ್ಡವ್ವ ಉಳಿದಳು.

ಅವಳು ಹೆಪ್ಪು ಹಾಕುವುದನ್ನು ನೋಡಬೇಕಿತ್ತು. ಹಾಲು ಕಾಸಿ, ಆರಲು ಬಿಟ್ಟು, ಕಿರುಬೆರಳನ್ನು ಅದ್ದಿ ಕಣ್ಣು ಮುಚ್ಚುತ್ತಿದ್ದಳು. “ಕೂಸಿಗೆ ನೀರು ಹಾಕೋವಷ್ಟು ಬೆಚ್ಚಗಿರ್ಬೇಕು” ಅನ್ನುತ್ತಿದ್ದಳು. ಹಿಂದಿನ ದಿನದ ಮೊಸರು ಒಂದೇ ಒಂದು ಚಮಚ. ಬೆಳಿಗ್ಗೆ ಗಡಿಗೆ ಓರೆ ಮಾಡಿದರೂ ಅಲುಗದಂಥ ಮೊಸರು. ಅವಳ ಊಟವೇ ಅದು. ಹೊಟ್ಟೆಯಲ್ಲಿ ಹುಣ್ಣು, ಚಳ್ಳಕೆರೆಯ ಡಾಕ್ಟರು ಖಾರ ಬಿಡಿಸಿದ್ದರು. ಎರಡು ಹೊತ್ತೂ ನವಣೆ ಅನ್ನ, ಹುಳಿಯಾಗದ ಮೊಸರು. ಬೇರೇನು ತಿಂದರೂ ಉರಿ.

ನಮ್ಮದು ಲಿಂಗಾಯತರ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟುವಂತಿರಲಿಲ್ಲ. ಈ ವಿಷಯದಲ್ಲಿ ದೊಡ್ಡವ್ವ ಎಲ್ಲರಿಗಿಂತ ಒಂದು ಕೈ ಮೇಲೆ. ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಅದನ್ನು ಎಲೆಯ ಮೇಲೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಹುಡುಕಿ, ಬದನೆ ಗಿಡಕ್ಕೇ ಬಿಟ್ಟು ಬರುತ್ತಿದ್ದಳು. “ಅದರ ಮನೆ ಅದಕ್ಕೆ ಮುಟ್ಟಿಸ್ದೆ” ಅನ್ನುತ್ತಿದ್ದಳು.

ಆ ವರ್ಷ ನಾನು ಎಂಟನೇ ಕ್ಲಾಸು ಮುಗಿಸಿದ್ದೆ. ರಜೆಗೆ ಮುಂಚಿನ ವಾರ ಸಿಸ್ಟರ್ ಬೆನೆಡಿಕ್ಟಾ ಬೀರುವಿನಿಂದ ಮೈಕ್ರೋಸ್ಕೋಪನ್ನು ಹೊರತೆಗೆದರು. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನಾವು ಲೈನಿನಲ್ಲಿ ನಿಂತು ಒಂದು ಕಣ್ಣು ಮುಚ್ಚುವುದನ್ನು ಪ್ರಾಕ್ಟೀಸ್ ಮಾಡಿದೆವು. ಮೊದಲು ಕೆರೆಯ ನೀರು. ಆಮೇಲೆ ಹಾಸ್ಟೆಲಿನ ಮೊಸರಿನ ಮೇಲಿನ ತಿಳಿನೀರು, ಒಂದು ಹನಿ. ಸಣ್ಣ ಚುಕ್ಕೆಗಳು, ಸಣ್ಣ ಕಡ್ಡಿಗಳು.

“ಸಿಸ್ಟರ್, ದೆ ಆರ್ ಶಿವರಿಂಗ್!” ಅಂದೆ.

“ದೆ ಆರ್ ಅಲೈವ್, ಡಿಯರ್. ಜಸ್ಟ್ ಲೈಕ್ ಯು.”

ಆ ಮಾತನ್ನು ತುಪ್ಪದ ಗಿಂಡಿಯಂತೆ ಎಲ್ಲೂ ಚೆಲ್ಲದೆ ಬಸ್ಸಿನಲ್ಲಿ ಊರಿಗೆ ತಂದೆ. ತಂದ ದಿನವೇ, ಮಧ್ಯಾಹ್ನ ಊಟಕ್ಕೆ ಕೂತಾಗ, ದೊಡ್ಡವ್ವನ ಮುಂದೆ ಇಳಿಸಿದೆ.

“ದೊಡ್ಡವ್ವಾ, ಮೊಸರಲ್ಲಿ ಜೀವ ಐತೆ, ಗೊತ್ತಾ?”

“ಇರುವೆ ಬಿತ್ತೇನೇ?”

“ಇರುವೆ ಅಲ್ಲ. ಕಣ್ಣಿಗೆ ಕಾಣಲ್ಲ. ಒಂದು ಹನಿಯೊಳಗೆ ಒಂದೂರಿನಷ್ಟು ಅದಾವೆ. ನಾನೇ ಕಂಡೆ, ನಡುಗ್ತಿದ್ವು.”

ಅವ್ವ ನಕ್ಕಳು. ದೊಡ್ಡವ್ವ ನಗಲಿಲ್ಲ. ತುತ್ತು ಕಲಸುತ್ತಿದ್ದ ಕೈ ನಿಂತಿತು.

“ಹಾಲು ಬಿಸಿ ಇದ್ದಾಗ ಹೆಪ್ಪು ಬಿಟ್ರೆ ಮೊಸರಾಗಲ್ಲ. ಅದ್ಯಾಕೆ?”

“ಸುಟ್ಟು ಸತ್ತೋಗ್ತಾವೆ.”

“ಚಳಿಗಾಲದಾಗೆ ಹೊತ್ತಾಗುತ್ತೆ.”

“ಚಳಿಗೆ ಅವಕ್ಕೆ ಮಂಕು ಬಡಿಯುತ್ತೆ.”

“ಒಂದು ಚಮಚದಿಂದ ಒಂದು ಗಡಿಗೆ?”

“ಮರಿ ಹಾಕ್ತಾವೆ ದೊಡ್ಡವ್ವಾ!”

ಅವಳ ಮುಖ ಬೆಳಗಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಇಷ್ಟು ವರ್ಷ ಕಿರುಬೆರಳಿಗೆ ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೂ ಗೊತ್ತಾಗಿತ್ತು. ನಾನು ಗೆದ್ದೆ ಎಂದು ಹಿಗ್ಗಿದೆ. ಆಮೇಲೆ ಅವಳು ತಟ್ಟೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಎರಡು ಕೈಯಲ್ಲೂ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ಹಂಗಾರೆ ನನಗೆ ಬ್ಯಾಡವ್ವ.”

“ಅಕ್ಕಾ, ಅವಳ ಮಾತು ಕಟ್ಕೊಂಡು...” ಎಂದು ಅವ್ವ ಶುರು ಮಾಡಿದಳು.

“ಗೊತ್ತಿಲ್ದಾಗ ಉಂಡಿದ್ದು ಉಂಡೆ. ಗೊತ್ತಾದ ಮೇಲೆ ಹೆಂಗೆ ಉಣ್ಲಿ, ನೀನೇ ಹೇಳು.”

ಅವ್ವ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಪಕ್ಕದ ಮನೆಯ ಫಾತಿಮಾಬೀ ಎಂದಿನಂತೆ ಮಜ್ಜಿಗೆಗೆ ಚೊಂಬು ಹಿಡಿದು ಬಂದಳು. ಅವಳ ಗಂಡ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಸಂಗತಿ ಕೇಳಿ ಅವಳು ಚೊಂಬನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಯಾ ಅಲ್ಲಾ! ಹಂಗಾದ್ರೆ ಮಜ್ಜಿಗೇನೂ ಹಲಾಲ್ ಮಾಡಿಸ್ಬೇಕಾ ದೊಡ್ಡವ್ವಾ? ಕುತ್ತಿಗೆ ಯಾವ ಕಡೆ ಅಂತ ಈ ಹುಡುಗೀನೇ ತೋರಿಸ್ಲಿ!”

ದೊಡ್ಡವ್ವನೂ ನಕ್ಕಳು. ಆದರೆ ಊಟಕ್ಕೆ ಕೂತಾಗ ರೊಟ್ಟಿಯನ್ನು ನೀರಿನಲ್ಲಿ ನೆನೆಸಿಕೊಂಡು ತಿಂದಳು.

ಹತ್ತು ದಿನ ಹಾಗೇ ನಡೆಯಿತು. ಗಡಿಗೆ ಅವ್ವನ ಕೈಗೆ ಹೋಯಿತು; ಮೊಸರು ಒಂದು ದಿನ ನೀರು, ಒಂದು ದಿನ ದಾರ. ದೊಡ್ಡವ್ವ ಮಧ್ಯಾಹ್ನಗಳಲ್ಲಿ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕಡಪದ ಕಲ್ಲಿನ ನೆಲದ ಮೇಲೆ ಮಲಗುತ್ತಿದ್ದಳು. ಕೇಳಿದರೆ “ಏನಿಲ್ಲ, ತಂಪಾಗೈತೆ” ಅನ್ನುತ್ತಿದ್ದಳು. ಬಳೆಗಳಿಲ್ಲದ ಅವಳ ಮುಂಗೈ ದಿನದಿನಕ್ಕೆ ಸಣ್ಣಗಾಗುವುದು ನನಗೆ ಕಾಣುತ್ತಿತ್ತು. ಅವ್ವ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಹೇಳಿದಳು: “ನಿನ್ನ ಕಾನ್ವೆಂಟಿಗೆ ಕಳಿಸಿದ್ದು ಇದಕ್ಕೇನೇ? ಮನುಷ್ಯಳ ಜೀವ ತೆಗೀತೀಯಾ? ಬಿಡ್ಸಿದ್ದು ನೀನು, ತಿನ್ನಿಸೋಳೂ ನೀನೇ.”

ಹೀಗಾಗಿ ನಾನು ಸುಳ್ಳು ಹೇಳಲು ಹೋದೆ. ಐ ಮಸ್ಟ್ ಕನ್ಫೆಸ್, ಕಾನ್ವೆಂಟಿನಲ್ಲಿ ಕಲಿತವರು ಒಳ್ಳೆಯ ಸುಳ್ಳು ಹೇಳಲಾರರು.

“ದೊಡ್ಡವ್ವಾ, ನಾನು ನೋಡಿದ್ದು ಜೀವ ಅಲ್ಲವಂತೆ. ಗಾಜಿನ ಮೇಲಿನ ಧೂಳಂತೆ.”

“ಯಾರಂದ್ರು?”

“ಸಿಸ್ಟರ್.”

“ಸಿಸ್ಟರ್ ಯಾವಾಗ ಬಂದಿದ್ರು? ನಾನು ಮಲಗಿದ್ದಾಗ್ಲಾ?”

ನಾನು ಅಳಲು ಶುರು ಮಾಡಿದೆ. ಅವಳು ಎದ್ದು ಕೂತು ಸೆರಗಿನಿಂದ ನನ್ನ ಮೂಗು ಒರೆಸಿದಳು. “ನನಗೋಸ್ಕರ ಸುಳ್ಳು ಹೇಳಿ ನಿನ್ನ ಕಣ್ಣು ಕೆಡಿಸ್ಕೋಬ್ಯಾಡ. ಕಂಡಿದ್ದು ಕಂಡಂಗೇ ಇರ್ಲಿ. ಬೇಕಾದ್ರೆ ಅವ್ರಿಗೇ ಒಂದು ಕಾಗದ ಬರಿ. ಉಂಡ್ರೆ ಅವು ಏನಾಗ್ತಾವೆ, ಕೇಳು.”

ಬರೆದೆ. “ಡಿಯರ್ ಸಿಸ್ಟರ್, ಮೈ ಆಂಟ್ ಈಸ್ ಡೈಯಿಂಗ್ ಬಿಕಾಸ್ ಆಫ್ ಯುವರ್ ಕರ್ಡ್ಸ್” ಎಂದು ಶುರುವಾಗಿತ್ತು ಆ ಇನ್‌ಲ್ಯಾಂಡ್ ಲೆಟರು. ದಿನಾ ಪೋಸ್ಟ್‌ಮ್ಯಾನಿನ ಸೈಕಲ್ಲಿಗೆ ದಾರಿಯಲ್ಲೇ ಅಡ್ಡ ನಿಲ್ಲುತ್ತಿದ್ದೆ. ವಾರವಾದ ಮೇಲೆ ಉತ್ತರ ಬಂತು. ಜಗಲಿಯ ಮೇಲೆ ಕೂತು ಓದಿದೆ. ದೊಡ್ಡವ್ವ ಕಂಬಕ್ಕೆ ಒರಗಿದ್ದಳು, ಅವ್ವ ಬಾಗಿಲಲ್ಲಿ, ಫಾತಿಮಾಬೀ ಮೆಟ್ಟಿಲ ಮೇಲೆ.

ಇಲ್ಲೊಂದು ವಿಷಯ ಹೇಳಬೇಕು. ಸಿಸ್ಟರ್ ಕಾಗದದ ತುಂಬ ‘ಸೆಲ್’, ‘ಸೆಲ್’ ಎಂದು ಬರೆದಿದ್ದರು. ನನಗೆ ಗೊತ್ತಿದ್ದ ಸೆಲ್ ಒಂದೇ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಮಲಗುವ ಕೋಣೆಯನ್ನು ಸೆಲ್ ಅನ್ನುತ್ತಿದ್ದರು: ಒಂದು ಮಂಚ, ಒಂದು ಕಿಟಕಿ, ಗೋಡೆಗೊಂದು ಶಿಲುಬೆ. ನಾನು ಎಲ್ಲ ಕಡೆಯೂ ‘ಕೋಣೆ’ ಎಂದೇ ಕನ್ನಡ ಮಾಡಿದೆ.

“ಬಹಳ ಬಹಳ ಹಿಂದೆ ಭೂಮಿ ಮೇಲೆ ಗಿಡ ಇರಲಿಲ್ಲ, ಮೀನು ಇರಲಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ನೀರಿನಲ್ಲಿ ಬರೀ ಒಂಟಿ ಕೋಣೆಗಳು ಇದ್ದವಂತೆ. ಮೊಸರಲ್ಲಿ ಇರ್ತಾವಲ್ಲ, ಅಂಥವು. ನಮಗೆ ಲೆಕ್ಕ ಸಿಗದಷ್ಟು ಕಾಲ ಹಾಗೇ ಇದ್ದವಂತೆ.”

“ಒಂದೊಂದೇ?” ದೊಡ್ಡವ್ವ ಕೇಳಿದಳು.

“ಒಂದೊಂದೇ. ಆಮೇಲೆ ಹೇಗೋ ಕೆಲವು ಕೋಣೆಗಳು ಸೇರಿ ಬಾಳೋದು ಕಲಿತವಂತೆ. ಒಂದು ಹೊರಗೆ ನಿಂತು ಚರ್ಮ ಆಯಿತಂತೆ, ಒಂದು ಒಳಗೆ ಹೋಗಿ ಹೊಟ್ಟೆ ಆಯಿತಂತೆ. ಕೆಲಸ ಹಂಚಿಕೊಂಡವಂತೆ. ‘ನಿನ್ನ ದೊಡ್ಡವ್ವ ಎಂದರೆ ಎಣಿಸಲಾರದಷ್ಟು ಕೋಣೆಗಳು ಸೇರಿ ಒಬ್ಬ ಲೇಡಿ ಆಗಿರಲು ಒಪ್ಪಿಕೊಂಡಿರುವುದು’ ಅಂತ ಬರೆದಾರೆ.”

“ನಾನು ಲೇಡಿನಾ?” ಎಂದು ದೊಡ್ಡವ್ವ ಸೆರಗು ಸರಿ ಮಾಡಿಕೊಂಡಳು.

“ಇನ್ನೂ ಐತೆ. ಮೊಸರಿನವು ಹೊಟ್ಟೆಗೆ ಹೋದರೆ ಕೆಲವು ಸಾಯ್ತಾವಂತೆ. ‘ಕಾಯಿಲೆಯವರಿಗಾಗಿಯೂ ನಾನು ಸುಳ್ಳು ಹೇಳಲಾರೆ’ ಅಂತ ಬರೆದಾರೆ. ಆದರೆ ಎಲ್ಲವೂ ಸಾಯಲ್ಲವಂತೆ. ಅಂಥ ಎಷ್ಟೋ ಜೀವಗಳು ಹುಟ್ಟಿದಾಗಿನಿಂದ ನಮ್ಮ ಹೊಟ್ಟೆಯೊಳಗೇ ಮನೆ ಮಾಡಿಕೊಂಡು ಇರ್ತಾವಂತೆ. ನಾವು ಉಂಡರೆ ಅವೂ ಉಣ್ತಾವಂತೆ.”

“ಬಾಡಿಗೆ ಕೊಡ್ತಾವಾ?” ಫಾತಿಮಾಬೀ ಕೇಳಿದಳು.

“ಸುಮ್ನಿರೇ.” ದೊಡ್ಡವ್ವ ನನ್ನ ಕಡೆ ತಿರುಗಿದಳು. “ಹಂಗಾರೆ ಈಗ್ಲೂ ನನ್ನೊಳಗೆ ಅದಾವೆ? ನಾನು ಹಿಂಗೆ ಉಪಾಸ ಬಿದ್ರೆ ಅವೂ ಉಪಾಸ?”

“ಹ್ಞೂಂ.”

ಅವಳು ಕಂಬಕ್ಕೆ ತಲೆ ಆನಿಸಿ ಸುಮ್ಮನೆ ಕೂತಳು. ಹೊರಗೆ ಬಿಸಿಲಿನಲ್ಲಿ ಎಮ್ಮೆಯೊಂದು ಮೈ ಉಜ್ಜುತ್ತಿತ್ತು. ಕೊನೆಗೆ ಅವಳು ಕೇಳಿದ್ದು ಊಟದ ಮಾತನ್ನಲ್ಲ.

“ಒಂದು ಕೋಣೆ ಇನ್ನೊಂದರ ಜತೆ ಸೇರ್ಬೇಕಂದ್ರೆ ನಡುವೆ ಗೋಡೆ ಐತಲ್ಲ. ಮೊದ್ಲು ಯಾವುದೋ ಒಂದು ಇನ್ನೊಂದರ ಒಳಗೆ ಹೋಗಿರ್ಬೇಕು. ಹೋಗಿದ್ದನ್ನ ಅದು ನುಂಗ್ತೋ, ಇಟ್ಕೊಂತೋ?”

“ಗೊತ್ತಿಲ್ಲ ದೊಡ್ಡವ್ವ. ಬರೆದಿಲ್ಲ.”

“ನಾನು ಈ ಮನೆಗೆ ಬಂದಾಗ ನಿಮ್ಮಜ್ಜಿ ನನ್ನ ನುಂಗ್ತಾಳೆ ಅಂದ್ಕೊಂಡಿದ್ದೆ. ಇಟ್ಕೊಂಡ್ಲು.” ಮೊಣಕಾಲಿಗೆ ಕೈಯೂರಿ ಎದ್ದಳು. “ಸಾಯೋವು ಸಾಯ್ತಾವೆ, ಆ ಪಾಪ ನನಗಿರ್ಲಿ. ಉಳಿಯೋವಕ್ಕೆ ಮನೆ ಆಗ್ತೀನಿ. ನವಣೆ ಅನ್ನ ಐತೇನವ್ವ ಒಳಗೆ?”

ಅವ್ವ ಓಡಿದಳು. ತಟ್ಟೆ ಬಂತು, ಆ ದಿನದ ಮೊಸರು ಅವ್ವನ ಕೈಯದು, ದಾರದಂತೆ ಎಳೆಯುತ್ತಿತ್ತು. ದೊಡ್ಡವ್ವ ಅದನ್ನೇ ಕಲಸಿದಳು. ಮೊದಲ ತುತ್ತನ್ನು ಬಾಯಿಯ ಹತ್ತಿರ ತಂದು, ಬಾಗಿಲಿಗೆ ಬಂದ ನೆಂಟರಿಗೆ ಹೇಳುವ ದನಿಯಲ್ಲಿ, “ಒಳಗ್ ಬರ್ರಿ” ಅಂದಳು.

ಯಾರೂ ನಗಲಿಲ್ಲ. ಫಾತಿಮಾಬೀ ಕೂಡ.

ಆಮೇಲೆ ಬಾಳಿದಷ್ಟು ಕಾಲವೂ ಮೊಸರಿನ ಮೊದಲ ತುತ್ತಿಗೆ ಅವಳು ಹಾಗೇ ಹೇಳಿದಳು. ಹೊಸದಾಗಿ ಬಂದ ನೆಂಟರು ತಮ್ಮನ್ನೇ ಕರೆದರೆಂದು ತಿಳಿದು ಎದ್ದು ಬರುತ್ತಿದ್ದದ್ದೂ ಉಂಟು. ಸ್ಕೂಲು ತೆರೆದ ಮೇಲೆ ಗೋಡೆಯ ಪ್ರಶ್ನೆಯನ್ನು ಸಿಸ್ಟರ್‌ಗೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಟೆಲ್ ಹರ್ ಐ ಡೋಂಟ್ ನೋ. ಟೆಲ್ ಹರ್ ಇಟ್ ಈಸ್ ಎ ಬೆಟರ್ ಕ್ವೆಶ್ಚನ್ ದ್ಯಾನ್ ಎನಿ ಇನ್ ಮೈ ಕ್ಲಾಸ್.” ಹೇಳಿದಾಗ ದೊಡ್ಡವ್ವ, “ಹೋಗ್ಲಿ ಬಿಡು, ನಿನಗೆ ಗೊತ್ತಾದಾಗ ಹೇಳು” ಅಂದಳು.

ಅವಳು ತೀರಿಕೊಂಡಾಗಲೂ ನನಗೆ ಉತ್ತರ ಗೊತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಹುಡುಗಿಯರಿಗೆ ಇಂಗ್ಲಿಷೂ ಸೈನ್ಸೂ ಕಲಿಸುತ್ತಾ ಎಷ್ಟೋ ವರ್ಷ ಕಳೆದೆ. ಸೆಲ್ಲಿನ ಚಿತ್ರವನ್ನು ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದೆನೋ. ಹುಡುಗಿಯರು ನೀಟಾಗಿ ಬರೆದುಕೊಂಡು ಬಣ್ಣ ತುಂಬುತ್ತಿದ್ದರು. ನಮ್ಮ ಸಿಲಬಸ್ಸಿನಲ್ಲಿ ಗೋಡೆಯ ಮಾತು ಬರಲೇ ಇಲ್ಲ, ನಾನೂ ಹುಡುಕಲಿಲ್ಲ. ಅವ್ವ ಹೋದ ಮೇಲೆ ಆ ಮನೆಯ ಹೆಪ್ಪು ಯಾವ ದಿನ, ಯಾರ ಕೈಯಲ್ಲಿ ತಪ್ಪಿತೆಂಬುದೂ ಯಾರಿಗೂ ನೆನಪಿಲ್ಲ. ನಾನು ಈಗ ಪ್ಯಾಕೆಟ್ಟಿನ ಮೊಸರು ಉಣ್ಣುತ್ತೇನೆ. ಕತ್ತರಿಯಿಂದ ಮೂಲೆ ಕತ್ತರಿಸಿದರೆ ಆಯಿತು, ಕಿರುಬೆರಳಿಗೆ ಕೆಲಸವಿಲ್ಲ.

ಮೊನ್ನೆ ಪಿಯುಸಿ ಓದುವ ಮೊಮ್ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಎಂದೋ ಒಂದು ಕಾಲದಲ್ಲಿ ಒಂದು ದೊಡ್ಡ ಸೆಲ್ಲಿನೊಳಗೆ ಒಂದು ಪುಟ್ಟ ಸೆಲ್ ಹೋಯಿತಂತೆ. ನುಂಗಿದ್ದೇ ಇರಬೇಕು, ಆದರೆ ಅರಗಲಿಲ್ಲ. ಒಳಗೇ ಉಳಿಯಿತು, ಒಳಗೇ ಮರಿ ಹಾಕಿತು, ದೊಡ್ಡದಕ್ಕೆ ಶಕ್ತಿ ಕೊಡುವ ಒಲೆಯಾಗಿ ಉರಿಯಿತು. ಆ ಒಲೆಯ ಬಲದಿಂದಲೇ ಮುಂದೆ ಹುಲ್ಲು, ಮರ, ಕುರಿ, ನಾವು. ಇವತ್ತಿಗೂ ನಮ್ಮ ಒಂದೊಂದು ಸೆಲ್ಲಿನೊಳಗೂ ಆ ಬಂದವರ ಮಕ್ಕಳು ಇದ್ದಾರಂತೆ.

ನಾನು ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ. “ಇನ್ನೊಂದು ಸಲ ಓದೇ” ಅಂದೆ. ಓದಿದಳು. ನುಂಗಿತ್ತು, ಆಮೇಲೆ ಇಟ್ಟುಕೊಂಡಿತು. ದೊಡ್ಡವ್ವಾ, ಎರಡೂ ನಿಜ.

“ಎಕ್ಸಾಮ್‌ಗೆ ಇಷ್ಟು ಸಾಕಾಗುತ್ತಾ ಅಜ್ಜಿ?”

“ಸಾಕು ಕಣೇ” ಅಂದೆ. ಅವಳು ಪುಟ ತಿರುಗಿಸಿದಳು.

ದೊಡ್ಡವ್ವನಿಗೆ ಸಾಕಾಗುತ್ತಿರಲಿಲ್ಲ. ಇದನ್ನು ಕೇಳಿದ ಮೇಲೆ ಅವಳು ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು. ಅದು ಏನಿರಬಹುದು ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಇಷ್ಟು ಓದಿದ ನನಗೆ ಹೊಳೆಯುತ್ತಿಲ್ಲ.