ಗಂಗುಲಮ್ಮನ ಈರುಳ್ಳಿ ಮಡಿ

ಆಗೆಲ್ಲ ನಮ್ಮ ಕಡೆ ಬಸ್ಸು ಇದ್ದಿಲಿನಿಂದ ಓಡುತ್ತಿತ್ತು. ಎಲ್ಲೋ ಯುದ್ಧ ನಡೆಯುತ್ತಿದೆ ಎನ್ನುತ್ತಿದ್ದರು. ಸೀಮೆಎಣ್ಣೆ ಸಿಗದಿರುವುದಕ್ಕೂ, ಸಕ್ಕರೆ ಕಣ್ಮರೆಯಾದದ್ದಕ್ಕೂ, ಮೇಷ್ಟರು ವಿನಾಕಾರಣ ಬೈಯುವುದಕ್ಕೂ ಅದೇ ಕಾರಣ ಎಂದು ನಾನು ತಿಳಿದಿದ್ದೆ. ನನಗೆ ಒಂಬತ್ತು ವರ್ಷ. ಬಲಗೈ ಯಾವುದು ಎಂದರೆ, ಊಟ ಮಾಡಿದ್ದು ಯಾವ ಕೈಯಲ್ಲಿ ಎಂದು ಮೂಸಿ ನೋಡಿ ಹೇಳುವಷ್ಟು ಬುದ್ಧಿವಂತೆ.

ಆ ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಶಿರಾದಿಂದ ಮಧುಗಿರಿಗೆ ವರ್ಗವಾಯಿತು. ಶಿರಾದಲ್ಲಿ ನಮ್ಮದು ಬಸ್ಸು ನಿಲ್ಲುವ ಜಾಗದ ಪಕ್ಕದ ತುಂಬಿದ ಮನೆ. ಅಜ್ಜಿ, ಇಬ್ಬರು ದೊಡ್ಡಮ್ಮಂದಿರು, ಅವರ ಮಕ್ಕಳು. ಅಮ್ಮ ಕಿರಿ ಸೊಸೆ. ಅವಳ ಪ್ರಪಂಚ ಒಲೆಯಿಂದ ಹಿತ್ತಲಿನವರೆಗೆ. ನನ್ನ ಪ್ರಪಂಚ ಜಗಲಿಯಿಂದ ಬಸ್ಸಿನವರೆಗೆ. ಡ್ರೈವರ್ ಸಾಹೇಬರು ಗತ್ತಿನಿಂದ ಕೂತು "ಚಾಲೂ ಕರೋ" ಎನ್ನುವುದು, ಕ್ಲೀನರು ಮುಂದೆ ನಿಂತು ಹ್ಯಾಂಡಲ್ ತಿರುವಿ ತಿರುವಿ ಬೆವರುವುದು, ಬಸ್ಸು ಕೆಮ್ಮಿ ಕೆಮ್ಮಿ ಹೊರಡುವುದು, ಇದು ನನ್ನ ದಿನದ ನಾಟಕ.

ಮಧುಗಿರಿಯಲ್ಲಿ ನಾವು ಮೂರೇ ಜನ, ಎರಡು ಕೋಣೆಯ ಬಾಡಿಗೆ ಮನೆ. ತರಕಾರಿ ಬೆಳೆದುಕೊಳ್ಳಿ ಎಂದು ಸರ್ಕಾರದವರು ಊರಾಚೆ, ಬೆಟ್ಟದ ಬುಡದಲ್ಲಿ, ಹಳೇ ಬಾವಿಯೊಂದರ ಸುತ್ತಲಿನ ಬೀಳು ನೆಲವನ್ನು ತುಂಡು ಮಾಡಿ ಕೇಳಿದವರಿಗೆಲ್ಲ ಕೊಟ್ಟಿದ್ದರು. ಕಾಗದದಲ್ಲಿ 'ಅಲಾಟ್' ಎಂದಿತ್ತು. ಜನರ ಬಾಯಲ್ಲಿ ಅದು ಲಾಟು ಆಯಿತು. ನಮ್ಮ ಲಾಟು ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಷರತ್ತು ಒಂದೇ: ಯುಗಾದಿಗೆ ಮುಂಚೆ ಸಾಹೇಬರು ನೋಡಲು ಬಂದಾಗ ಹಸಿರು ಇರಬೇಕು. ಬರಿ ನೆಲ ಕಂಡರೆ ಬೇರೆಯವರಿಗೆ.

ಅಪ್ಪ ಆ ಕಾಗದವನ್ನು ತಮಾಷೆಗೆಂದೇ ತಂದಿದ್ದರು. ಅಮ್ಮ ಮಾರನೆಯ ಬೆಳಿಗ್ಗೆಯೇ ಸೀರೆ ಎತ್ತಿ ಕಟ್ಟಿ ಗುದ್ದಲಿ ಹಿಡಿದಳು. ಅವಳು ಬಾಯ್ತುಂಬ ನಗುವುದನ್ನು ನಾನು ಮೊದಲು ನೋಡಿದ್ದು ಆ ಲಾಟಿನಲ್ಲಿ, ಮಂಡಿಯವರೆಗೆ ಮಣ್ಣಾಗಿದ್ದಾಗ. ಇವಳು ನಮ್ಮಮ್ಮನೇ ಹೌದೋ ಅಲ್ಲವೋ ಎಂದು ನನಗೆ ಗೊಂದಲವಾಗಿತ್ತು.

ಗೊಂದಲ ನನಗೊಬ್ಬಳಿಗೇ ಅಲ್ಲ, ಆ ವರ್ಷ ಕಾಲಕ್ಕೂ ಇತ್ತು. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎನ್ನುತ್ತಾ ಓಡಿಹೋಗುತ್ತದೆ ಎನ್ನುವುದು ಮಾತು. ಅದು ಹೋಗಲೇ ಇಲ್ಲ. ಹೊಂಗೆ ಚಿಗುರಿದರೂ ಬೆಳಿಗ್ಗೆ ಕಂಬಳಿ ಬಿಟ್ಟು ಏಳುವ ಹಾಗಿರಲಿಲ್ಲ. ಬಂಡೆಯ ಮೇಲಿಂದ ತಣ್ಣನೆ ಗಾಳಿ ಇಳಿದು ಬರುತ್ತಿತ್ತು. ಇತ್ತ ಮಳೆಯೂ ಒಂದು ಹನಿ ಇಲ್ಲ. ಬದನೆ ಬೀಜ ಹಾಕಿ ಹದಿನೈದು ದಿನವಾದರೂ ಮೊಳಕೆ ಕಾಣಲಿಲ್ಲ. ನೀರು ಹೆಚ್ಚಾಯಿತು ಎಂದು ಒಬ್ಬರು, ಕಡಿಮೆಯಾಯಿತು ಎಂದು ಇನ್ನೊಬ್ಬರು. ಹಿಂಡಿ ಹಾಕು ಎಂದವರೂ ಉಂಟು, ಹಾಕಿದ್ದಕ್ಕೇ ಹೀಗಾಯಿತು ಎಂದವರೂ ಉಂಟು. ಅಮ್ಮ ಎಲ್ಲರಿಗೂ ತಲೆಯಾಡಿಸಿ, ಪಕ್ಕದ ಲಾಟಿನ ಗಂಗುಲಮ್ಮ ಮಾಡಿದ್ದನ್ನು ನೋಡಿ ಅದನ್ನೇ ಮಾಡುತ್ತಿದ್ದಳು.

ಗಂಗುಲಮ್ಮ ಪಾವಗಡದಾಚೆಯವಳು. ಗಂಡ ಕಲ್ಲು ಒಡೆಯುವವನು. ಊರಲ್ಲಿ ಯಾವುದೋ ಕಟ್ಟಡದ ಕೆಲಸಕ್ಕೆ ಬಂದು, ಶಾಲೆಯ ದಾರಿಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅವಳಿಗೆ ತೆಲುಗು ಬಿಟ್ಟು ಬೇರೆ ಮಾತಿಲ್ಲ. ಅಮ್ಮನಿಗೆ ತೆಲುಗು ಒಂದಕ್ಷರ ಬಾರದು. ಆದರೂ ಇಬ್ಬರೂ ಬದುವಿನ ಮೇಲೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದರು. ಇವಳು ಕನ್ನಡದಲ್ಲಿ ಅತ್ತೆಯ ಕಥೆ ಹೇಳುವಳು, ಅವಳು ತೆಲುಗಿನಲ್ಲಿ "ಅವುನಾ" ಎಂದು ಬಾಯಿಯ ಮೇಲೆ ಕೈಯಿಡುವಳು. ಏನು ತಿಳಿಯುತ್ತಿತ್ತೋ ಶಿವನೇ ಬಲ್ಲ. ಅಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದಳು. ಗಂಗುಲಮ್ಮ ಬೇಡ ಎಂದವಳಲ್ಲ, ಸಾಕು ಎಂದವಳೂ ಅಲ್ಲ. ಕೊಟ್ಟಷ್ಟನ್ನೂ ತಿಂದು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಳ್ಳುವಳು. ಅಮ್ಮನಿಗೆ ಅದೇ ಇಷ್ಟವಾಗಿತ್ತು.

"ಇಂಥ ಒಬ್ಬಳು ಜೊತೆಗಿದ್ರೆ ಎಲ್ಲಿ ಬೇಕಾದ್ರೂ ಬದುಕ್ಬೋದು ಕಣೆ ಗೌರಿ," ಎಂದಿದ್ದಳು ಒಂದು ದಿನ, ಮನೆಗೆ ಬರುವ ದಾರಿಯಲ್ಲಿ. ನನಗೆ ಆಶ್ಚರ್ಯವಾಗಿತ್ತು. ನಾವು ಬದುಕಿಯೇ ಇದ್ದೆವಲ್ಲ.

ಬಾವಿಯ ನೀರು ಕೆಳಗಿಳಿಯುತ್ತಾ ಬಂತು. ನೀರುಗಂಟಿ ಮುನಿಯಪ್ಪ ಎಲ್ಲ ಲಾಟುಗಳಿಗೂ ನಾಲ್ಕು ದಿನಕ್ಕೊಂದು ಸರದಿ ಮಾಡಿದ. ಎತ್ತುಗಳು ಇಳಿಜಾರಿನಲ್ಲಿ ಕಪಿಲೆ ಎಳೆದರೆ ನೀರು ಕಾಲುವೆಗೆ ಬೀಳುವುದು. ನಮ್ಮ ದಿನ ಮೊದಲು ಗಂಗುಲಮ್ಮನ ಮಡಿ, ಆಮೇಲೆ ನಮ್ಮದು. ಕಾಲುವೆಯ ಬಾಯಿಗೆ ಮಣ್ಣು ಕೊಟ್ಟು ಕಟ್ಟುವುದು, ತೆಗೆಯುವುದು, ಅಷ್ಟೇ ಕೆಲಸ.

ಆ ಸಲದ ಸರದಿಗೆ ಎರಡು ದಿನ ಮುಂಚೆ ಗಂಗುಲಮ್ಮನ ಕಾಲ ಮೇಲೆ ಕಲ್ಲು ಬಿದ್ದು ಪಾದ ಊದಿತ್ತು. ಆದರೂ ಕುಂಟಿಕೊಂಡೇ ಬಂದು ಈರುಳ್ಳಿ ಸಸಿ ನೆಟ್ಟಿದ್ದಳು. ಸರದಿಯ ದಿನ ಅಮ್ಮನಿಗೆ ಜ್ವರ.

"ನೀನೇ ಹೋಗು. ಪಾಪ, ಅವಳಿಗೆ ಬಗ್ಗಿ ಮಣ್ಣೆಳೆಯಕ್ಕಾಗಲ್ಲ. ಮೊದ್ಲು ಅವಳ ಮಡಿಗೆ ತಿರುಗ್ಸು, ತುಂಬಿದ್ ಮೇಲೆ ನಮ್ಮದಕ್ಕೆ. ಅವಳು ಹೇಳ್ದಂಗೆ ಕೇಳು," ಎಂದಳು ಅಮ್ಮ.

ಎಂಥ ಜವಾಬ್ದಾರಿ! ಕುಂಟೆಬಿಲ್ಲೆ ಆಡಲು ಕರೆದ ಗೆಳತಿಯರನ್ನು ತಿರುಗಿಯೂ ನೋಡದೆ ಹೋದೆ. ಗಂಗುಲಮ್ಮ ಮಡಿಯ ಆ ತುದಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಈ ತುದಿಯಲ್ಲಿ, ಕಾಲುವೆಯ ಬಾಯಿಯಲ್ಲಿ. ನೀರು ಬಂತು. ಒಣಮಣ್ಣಿಗೆ ನೀರು ತಾಗಿದ ವಾಸನೆ ಎದ್ದಿತು. ಸ್ವಲ್ಪ ಹೊತ್ತಾಯಿತು. ಗಂಗುಲಮ್ಮ ಕೈಯೆತ್ತಿ ಕೂಗಿದಳು.

"ಚಾಲು ಪಾಪಾ, ಚಾಲು!"

ನನಗೆ ಖುಷಿಯೋ ಖುಷಿ. ಕೊನೆಗೂ ಅವಳ ಬಾಯಿಂದ ನನಗೆ ಗೊತ್ತಿರುವ ಒಂದು ಮಾತು ಬಂದಿತ್ತು. ಶಿರಾದ ಡ್ರೈವರ್ ಸಾಹೇಬರ ಮಾತು. ನಾನು ಮಣ್ಣನ್ನು ಇನ್ನಷ್ಟು ಬಗೆದು ಬಾಯಿ ಅಗಲ ಮಾಡಿದೆ. ಅವಳು ಎರಡೂ ಕೈ ಎತ್ತಿ ಬೀಸಿದಳು, "ಚಾಲು, ಚಾಲು!" ನಾನೂ ಕೈ ಬೀಸಿ "ಚಾಲೂ!" ಎಂದೆ. ಅವಳು ಏಳಲು ಹೋಗಿ ಕುಸಿದು ಕೂತಳು. ಇನ್ನೂ ಬೇಕೆನ್ನುತ್ತಾಳಲ್ಲ, ಊಟದಲ್ಲಿ ಹೇಗೋ ನೀರಿನಲ್ಲೂ ಹಾಗೇ ಎಂದುಕೊಂಡೆ. ಅಷ್ಟರಲ್ಲಿ ಆ ಕಡೆಯ ಬದು ಒಡೆಯಿತು. ನೆಟ್ಟು ಎರಡು ದಿನವಾಗಿದ್ದ ಸಸಿಗಳು ಮಣ್ಣಿನ ಸಮೇತ ಕೊಚ್ಚಿಕೊಂಡು ದಾರಿಯ ಹಳ್ಳಕ್ಕೆ ಹೋದವು. ಅವಳು ತೆವಳಿ ಬಂದು ಕೈಯಲ್ಲಿ ಮಣ್ಣು ಅಡ್ಡ ಹಾಕುತ್ತಿದ್ದಳು. ಬಾವಿಯಲ್ಲಿ ಕೆಸರು ಬಂತೆಂದು ಮುನಿಯಪ್ಪ ಎತ್ತು ಬಿಚ್ಚಿದ. ನಮ್ಮ ಮಡಿಗೆ ಒಂದು ಹನಿಯೂ ಬೀಳಲಿಲ್ಲ.

ಗಂಗುಲಮ್ಮನ ಗಂಡ ಬಂದು ಅವಳನ್ನು ಎತ್ತಿಕೊಂಡು ಹೋದ ಮೇಲೆ ಮುನಿಯಪ್ಪ ಹಳ್ಳದ ನೀರು ನೋಡಿ ನನ್ನ ಮುಂದೆ ನಿಂತ. "ಯಾರಮ್ಮಿ ಇಷ್ಟು ನೀರು ಬುಡು ಅಂದಿದ್ದು?"

"ಗಂಗುಲಮ್ಮನೇ ಬುಡು ಅಂದ್ರು," ಎಂದೆ. ನನ್ನ ಮಟ್ಟಿಗೆ ಅದು ನಿಜವೇ.

"ಆಸೆಬುರುಕಿ. ಅವಳಿಗೆ ಮುಂದಿನ ಸರದಿ ಇಲ್ಲ, ಹೇಳ್ಬುಡು ನಿಮ್ಮಮ್ಮಂಗೆ."

ಗಂಗುಲಮ್ಮ ಕೈ ಬೀಸಿ 'ಚಾಲೂ' ಎಂದದ್ದನ್ನು ರಾತ್ರಿ ಅಮ್ಮನಿಗೆ ಹೇಳಿದೆ. ಮರುದಿನ ಅಮ್ಮ ಜ್ವರದಲ್ಲೇ ನನ್ನನ್ನು ಕರೆದುಕೊಂಡು ಲಾಟಿಗೆ ಹೋದಳು. ಗಂಗುಲಮ್ಮ ಕೊಚ್ಚಿಹೋದ ಮಡಿಯಲ್ಲಿ ಕೂತಿದ್ದಳು. ನನ್ನ ಕಡೆ ಕೈ ತೋರಿಸಿ ಏನೇನೋ ಹೇಳಿದಳು. ಅಮ್ಮನಿಗೆ ಅರ್ಥವಾದದ್ದು ಇಷ್ಟೇ, ತನ್ನ ಮಗಳ ಮೇಲೆ ತಪ್ಪು ಹೊರಿಸುತ್ತಿದ್ದಾಳೆ ಎಂದು.

"ನೀವು ಏನಂದ್ರಿ ಇವಳಿಗೆ?" ಎಂದು ಅಮ್ಮ ಕೇಳಿದಳು, ಕೈಸನ್ನೆ ಮಾಡಿ.

"ನೇನು ಚಾಲು ಅನೇ ಅನ್ನಾನು ಕದಮ್ಮಾ," ಎಂದಳು ಗಂಗುಲಮ್ಮ ಅಳುತ್ತಾ.

"ನೋಡು, ಚಾಲೂ ಅಂದೆ ಅಂತ ಇವರೇ ಒಪ್ಕೊಂಡ್ರು," ಎಂದು ಅಮ್ಮ ನನ್ನ ಕಡೆ ತಿರುಗಿದಳು. ಆಮೇಲೆ ಕೊರಳ ಕರಡಿಗೆಯನ್ನು ಹಿಡಿದುಕೊಂಡು, "ನನ್ ಮಗಳು ಸುಳ್ಳಾಡಲ್ಲ. ನನ್ನ ಲಿಂಗದಾಣೆ," ಎಂದಳು.

ಮಾತು ತಿಳಿಯದಿದ್ದರೂ ಆಣೆ ತಿಳಿಯಿತು. ಗಂಗುಲಮ್ಮ ಆ ಕರಡಿಗೆಯನ್ನೇ ನೋಡಿದಳು. ಅಳು ನಿಲ್ಲಿಸಿದಳು. "ದೇವುಡು ಚೂಸ್ತಾಡು" ಎಂದು, ಮೇಲಿರುವವನು ನೋಡುತ್ತಾನೆ ಎಂಬಂತೆ ಆಕಾಶದ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿ, ಕೋಲೂರಿಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ.

ಮೊದಲ ವಾರ ಅಮ್ಮ ಗುದ್ದಲಿ ಹಾಕುತ್ತಾ ದಾರಿಯ ಕಡೆಗೇ ನೋಡುತ್ತಿದ್ದಳು. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ," ಎಂದು ತನಗೆ ತಾನೇ ಹೇಳಿಕೊಳ್ಳುವಳು. ನೀರಿಲ್ಲದ ನಮ್ಮ ಮಡಿ ಬಾಡಿ ಹೋಗಬೇಕಿತ್ತು. ನಾವೆಲ್ಲ ಬೈಯುತ್ತಿದ್ದ ಚಳಿಯೇ ಅದನ್ನು ಕಾಯಿತು. ದಂಟು, ಮೂಲಂಗಿ ತಲೆಯೆತ್ತಿದವು. ಸಾಹೇಬರು ಬಂದು ನಮ್ಮದನ್ನು ಮೆಚ್ಚಿದರು. ಪಕ್ಕದ ಬರಿ ನೆಲವನ್ನು ಇನ್ಯಾರಿಗೋ ಬರೆದರು. ಅಮ್ಮನಿಗೆ ಮೆಚ್ಚಿಗೆ ಬೇಕಿರಲಿಲ್ಲ. ರೊಟ್ಟಿ ಕಟ್ಟುವುದನ್ನೂ ಬಿಟ್ಟಳು.

ಯುಗಾದಿ ಕಳೆದು ಒಂದು ವಾರಕ್ಕೆ ಅಪ್ಪನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಹೋಳಿಗೆ ಊಟ. ನಮ್ಮ ಎದುರು ಪಂಕ್ತಿಯಲ್ಲಿ ಹಿಂದೂಪುರದ ಕಡೆಯ ತೆಲುಗು ಮುದುಕರೊಬ್ಬರು ಕೂತಿದ್ದರು. ಬಡಿಸುವವರು ಮೂರನೆಯ ಹೋಳಿಗೆ ಹಾಕಲು ಬಂದಾಗ ಅವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಚಾಲು, ಚಾಲು, ಚಾಲಯ್ಯಾ" ಎಂದರು. ಬಡಿಸುವವರು ನಿಲ್ಲಿಸಿ ಮುಂದೆ ಹೋದರು.

ಅರ್ಧ ಕಚ್ಚಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದೆ. ಎರಡೂ ಕೈ ಎತ್ತಿ ಬೀಸಿದ ಗಂಗುಲಮ್ಮ ಕಣ್ಣ ಮುಂದೆ ಬಂದಳು. ಅಮ್ಮನಿಗೆ ಹೇಳಬೇಕು ಎನ್ನಿಸಿತು. ಹೇಳಿದರೆ ಅವಳ ಲಿಂಗದಾಣೆ ಏನಾಗುತ್ತದೆ? ಸುಳ್ಳಾಣೆ ಮಾಡಿದವರಿಗೆ ಕೇಡಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಸುಳ್ಳು ಹೇಳಿರಲಿಲ್ಲ, ಅಮ್ಮನೂ ಹೇಳಿರಲಿಲ್ಲ, ಗಂಗುಲಮ್ಮನೂ ಇಲ್ಲ. ಯಾರೂ ಸುಳ್ಳಾಡದೆ ಇಷ್ಟೆಲ್ಲ ಹಾಳಾದದ್ದು ಹೇಗೆ ಎಂದು ತಿಳಿಯದೆ, ಹೆದರಿ ಸುಮ್ಮನಾದೆ. ಒಂದು ದಿನ ಸುಮ್ಮನಿದ್ದರೆ ಮರುದಿನ ಹೇಳುವುದು ಇನ್ನೂ ಕಷ್ಟ. ಮಳೆಗಾಲಕ್ಕೆ ಮುಂಚೆ ಅಪ್ಪನಿಗೆ ಮತ್ತೆ ಶಿರಾಕ್ಕೇ ವರ್ಗವಾಯಿತು. ಅಮ್ಮ ಒಲೆಯ ಮುಂದಕ್ಕೆ ಮರಳಿದಳು.

ಈಗ ಬೆಟ್ಟದ ಬುಡದ ಆ ನೆಲದಲ್ಲಿ ಸಾಲಾಗಿ ಮನೆಗಳಿವೆ, ಬಾವಿ ಎಲ್ಲಿತ್ತೆಂದು ತೋರಿಸುವವರಿಲ್ಲ. ಅದಕ್ಕೆ ನನಗೆ ದುಃಖವಿಲ್ಲ, ನೆಲ ಯಾರದಾದರೇನು. ನನ್ನನ್ನು ಕಾಡುವುದು ಬೇರೆ. ಅಮ್ಮ ಆಮೇಲೆ ನಲವತ್ತು ವರ್ಷ ಬದುಕಿದಳು. ಇನ್ನೊಬ್ಬ ಗೆಳತಿಯನ್ನು ಮಾಡಿಕೊಳ್ಳಲಿಲ್ಲ.

ಅವಳ ಕೊನೆಯ ವರ್ಷ, ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ, ನನಗೂ ಮೊಮ್ಮಗು ಬಂದ ಧೈರ್ಯದಲ್ಲಿ ಎಲ್ಲವನ್ನೂ ಹೇಳಿದೆ. ಅಮ್ಮ ಕೈ ನಿಲ್ಲಿಸಲಿಲ್ಲ.

"ಗೊತ್ತು ಕಣೆ. ಆ ಅಜ್ಜ ಎಲೆಗೆ ಕೈ ಅಡ್ಡ ಹಿಡಿದಾಗ ನಾನೂ ಅಲ್ಲೇ ಕೂತಿದ್ನಲ್ಲ."

"ಮತ್ತೆ ಯಾಕಮ್ಮ ಅವರ ಹತ್ರ ಹೋಗ್ಲಿಲ್ಲ?"

"ಆಣೆ ಇಟ್ಟೋಳು ನಾನು, ನಾನಾಗೇ ಹೆಂಗೆ ಹೋಗ್ಲಿ? ನೀನು ಬಾಯಿಬುಟ್ಟು ಹೇಳಿದ್ರೆ, ನಿನ್ನ ಕೈ ಹಿಡ್ಕೊಂಡು ಹೋಗಣ ಅಂತ ಎಂಟು ದಿನ ಕಾದೆ. ನೀನು ಹೇಳ್ಲಿಲ್ಲ. ಕೊನೆಗೆ ಒಬ್ಬಳೇ ಹೋದೆ. ಕಲ್ಲಿನ ಕೆಲಸ ಮುಗಿದು ಅವರು ಊರು ಬಿಟ್ಟು ಮೂರು ದಿನ ಆಗಿತ್ತು."

ಎಂಟರಲ್ಲಿ ಮೂರು ಕಳೆದರೆ ಐದು. ಆ ಐದು ದಿನವೂ ಗಂಗುಲಮ್ಮ ಊರಿನಲ್ಲೇ ಇದ್ದಳು. ನಾನು ಶಾಲೆಗೆ ಅವಳ ಗುಡಿಸಲ ಮುಂದೆಯೇ ನಡೆದು ಹೋಗುತ್ತಿದ್ದೆ.