ಮಾದರಿ ಕಾಯಿ

ಹೋದ ವಾರ ಲಚ್ಯಾಣದ ಕಡೆಯ ವಿದ್ಯಾರ್ಥಿನಿಯೊಬ್ಬಳು ಊರಿನಿಂದ ಬರುವಾಗ ಒಂದು ಚೀಲ ನಿಂಬೆಹಣ್ಣು ತಂದು ಸ್ಟಾಫ್ ರೂಮಿನ ನನ್ನ ಮೇಜಿನ ಮೇಲಿಟ್ಟು ಹೋದಳು. ದಾರಿಯಲ್ಲಿ ಒಂದೆರಡು ಒಡೆದಿದ್ದವು. ಚೀಲ ಬಿಚ್ಚಿದ್ದೇ ತಡ, ವಾಸನೆ ಮೂಗಿಗೆ ಹೊಡೆಯಿತು. ಉಳಿದವರು ಶರಬತ್ತು, ಉಪ್ಪಿನಕಾಯಿ ಎಂದು ಪಾಲು ಹಾಕತೊಡಗಿದರು. ನನಗೆ ಮಾತ್ರ ನಮ್ಮೂರು ಇಂಡಿಯ ಆ ಅಡತಿ ಅಂಗಡಿ, ತಗಡಿನ ನೆರಳು, ಗೋಣಿಚೀಲದ ಮೇಲೆ ಕುಳಿತಿದ್ದ ಸರ್...

ನಾನೀಗ ಇಂಜಿನಿಯರಿಂಗ್ ಮಕ್ಕಳಿಗೆ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಕಲಿಸುತ್ತೇನೆ. ಅದೇ ವಿಷಯದಲ್ಲಿ ಎರಡು ಸಲ ಫೇಲಾದವಳು ಎಂದು ಅವರಿಗೆ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ. ಒಂದು ವರ್ಷ ಕಳೆದುಕೊಂಡು ಮನೆಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದಾಗ ಅವ್ವ ನನ್ನನ್ನು ಎಳೆದುಕೊಂಡು ಹೋಗಿ ಸರ್ ಮುಂದೆ ನಿಲ್ಲಿಸಿದಳು. ನಮ್ಮ ಓಣಿಯವರೇ, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ತಮ್ಮನ ಸಂಸಾರದೊಡನೆ ಇದ್ದರು. ತಮ್ಮನದು ನಿಂಬೆಯ ಅಡತಿ, ಅಂದರೆ ರೈತರು ತಂದ ಕಾಯಿಯನ್ನು ಗಾತ್ರ ನೋಡಿ ಬೇರೆ ಮಾಡಿಸಿ ಹೊರಪೇಟೆಗೆ ಕಳಿಸುವ ವ್ಯಾಪಾರ. ಸರ್ ಬೆಳಗಿನಿಂದ ಸಂಜೆಯ ತನಕ ಅಲ್ಲೇ ಇರುತ್ತಿದ್ದರು. ಹಾಗಾಗಿ ನನ್ನ ಪಾಠವೂ ಅಲ್ಲೇ ನಡೆಯಿತು.

ಮೊದಲ ದಿನ ಒಂದೇ ಪ್ರಶ್ನೆ ಕೊಟ್ಟರು. ಎರಡು ಪೂರ್ಣಾಂಕಗಳ ನಡುವಿನ ಅಂತರ ಒಂದಕ್ಕಿಂತ ಹೆಚ್ಚಿಲ್ಲದಿದ್ದರೆ ಅವುಗಳ ನಡುವೆ ಸಂಬಂಧವಿದೆ ಎನ್ನೋಣ. ಇದು ಈಕ್ವಿವಲೆನ್ಸ್ ರಿಲೇಶನ್, ಅಂದರೆ ಸಮಾನತೆಯ ಸಂಬಂಧ, ಹೌದೋ ಅಲ್ಲವೋ? ಹೌದು ಎಂದು ಬರೆದೆ. ಎರಡೂ ಪರೀಕ್ಷೆಗಳಲ್ಲಿ ಇಂಥದೇ ಪ್ರಶ್ನೆಗೆ ಹಾಗೆಯೇ ಬರೆದು ಬಂದಿದ್ದೆ. ಸರ್ ತಪ್ಪು ಎನ್ನಲಿಲ್ಲ. ನಾಳೆಯಿಂದ ಒಂದು ತಾಸು ಕಾಯಿ ಆರಿಸು, ಆಮೇಲೆ ಪುಸ್ತಕ ತೆಗಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಇಂಜಿನಿಯರಿಂಗ್ ಓದುವವಳು ನಿಂಬೆಕಾಯಿ ಆರಿಸುವುದೇ?

ಆರಿಸುವ ಹೆಂಗಸರಲ್ಲಿ ಎಲ್ಲರೂ ಕಾಕಿ ಎಂದು ಕರೆಯುವ ಒಬ್ಬಳು ಇದ್ದಳು, ಅಗರಖೇಡದಿಂದ ಇಂಡಿಗೆ ಮದುವೆಯಾಗಿ ಬಂದವಳು. ಪ್ರತಿ ಗಾತ್ರದ್ದೊಂದು ಕಾಯಿಯನ್ನು ಮಡಿಲ ಬಳಿ ಮಾದರಿಗೆಂದು ಇಟ್ಟುಕೊಂಡು, ಕೈಗೆ ಬಂದದ್ದನ್ನೆಲ್ಲ ಅದಕ್ಕೆ ಹೋಲಿಸಿಯೇ ಹಾಕುತ್ತಿದ್ದಳು. ನನಗೆ ಅದು ಸುಮ್ಮನೆ ಹೊತ್ತು ಕಳೆಯುವ ಕೆಲಸವೆನಿಸಿ, ಹಿಂದೆ ಹಾಕಿದ ಕಾಯಿಯಷ್ಟೇ ಇದೆ ಅನ್ನಿಸಿದ್ದನ್ನು ಅದರ ಪಕ್ಕ ಹಾಕುತ್ತ ಹೋದೆ. ತಾಸು ಕಳೆಯುವಷ್ಟರಲ್ಲಿ ದೊಡ್ಡ ಕಾಯಿಯ ಸಾಲಿನ ಕೊನೆಯಲ್ಲಿ ಗೋಲಿಯಂಥವು ಕೂತಿದ್ದವು. ಕಾಕಿ ಹಣೆ ಬಡಿದುಕೊಂಡಳು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಂದಕ್ಕ ಅದರ ಬಾಜೂದಕ್ಕ ಫರಕ ಕಾಣೂದಿಲ್ಲ, ತಂಗಿ. ಮೊದಲಿಂದು, ಕಡೀದು ಎರಡೂ ಕೈಯಾಗ ಹಿಡಿದು ನೋಡು" ಎಂದರು.

ಹಿಡಿದು ನೋಡಿದೆ. ಒಂದನೆಯದು ಎರಡನೆಯದರಂತೆ, ಎರಡನೆಯದು ಮೂರನೆಯದರಂತೆ ಇದ್ದರೆ ಒಂದನೆಯದು ಮೂರನೆಯದರಂತೆಯೂ ಇರಲೇಬೇಕು, ಈಕ್ವಿವಲೆನ್ಸಿಗೆ ಬೇಕಾದ ಗುಣಗಳಲ್ಲಿ ಅದೂ ಒಂದು. 'ಸುಮಾರು ಅಷ್ಟೇ' ಎಂಬ ಸಂಬಂಧಕ್ಕೆ ಆ ಗುಣವಿಲ್ಲ. ಉರು ಹೊಡೆದು ಬಾರದಿದ್ದದ್ದು ನಿಂಬೆಯ ಸಾಲಿನಲ್ಲಿ ಬಂತು. ಅವತ್ತಿನಿಂದ ಗಣಿತದ ಮೇಲೆ ನನಗೆ ಪ್ರೀತಿ ಹುಟ್ಟಿತು ಎಂದರೆ ಸುಳ್ಳಲ್ಲ.

ಕೆಲವು ದಿನಗಳ ಮೇಲೆ ಕಾಕಿ ಮಗಳ ಬಾಣಂತನಕ್ಕೆಂದು ಸಿಂದಗಿಗೆ ಹೋದಳು, ಮೂರು ತಿಂಗಳು ಬರಲಿಲ್ಲ. ನಾನು ಒಂದು ದಿನವೂ ತಪ್ಪಿಸದೆ ಸರ್ ಎದುರು ಕೂರುತ್ತಿದ್ದೆ. ರಿಲೇಶನ್ ಮುಗಿದು ಗ್ರೂಪ್ ಬಂತು, ಗ್ರೂಪ್ ಮುಗಿದು ರಿಂಗ್ ಬಂತು. ಮನೆಯಿಂದ ಬಂದ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಿದ್ದರು, ಆಮೇಲೆ ಮುಕ್ಕಾಲು. ಪುಸ್ತಕ ಹಿಡಿದ ಕೈಯಲ್ಲಿ ಗಡಿಯಾರ ಮೊಣಕೈಯತ್ತ ಜಾರುತ್ತಿತ್ತು, ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿದ್ದರು. ಅದು ಅವರ ಅಭ್ಯಾಸ ಎಂದುಕೊಂಡೆ. ರೊಟ್ಟಿ ಖುಷಿಯಿಂದ ತಿಂದೆ.

ಒಂದು ಸೋಮವಾರ, ಪಾಠ ಮುಗಿದ ಮೇಲೆ, ಅವರು ತುಸು ಸಂಕೋಚದಿಂದ ಕೇಳಿದರು. ಹೊಟ್ಟೆಯಲ್ಲಿ ಏನೋ ಸರಿಯಿಲ್ಲ, ಸೊಲ್ಲಾಪುರದಲ್ಲಿ ಒಮ್ಮೆ ತೋರಿಸಬೇಕು, ಮನೆಯಲ್ಲಿ ಹೇಳಿದರೆ ಗದ್ದಲ ಮಾಡುತ್ತಾರೆ, ಜೊತೆಗೆ ಬರುತ್ತೀಯಾ ಎಂದು. ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದಿತ್ತು. ನಾನು ಪರೀಕ್ಷೆಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದೆ.

"ಪರೀಕ್ಷೆ ಮುಗೀಲ್ರಿ ಸರ್" ಎಂದೆ.

"ಹೌದು, ಮದಲ ಪರೀಕ್ಷೆ. ನಂದೇನ್ ಅವಸರ ಐತಿ" ಎಂದರು.

ಪರೀಕ್ಷೆ ಮುಗಿಯಿತು. ಮುಂದಿನ ಸೆಮಿಸ್ಟರಿನ ಗಣಿತ ಓದಲು ಮತ್ತೆ ಅಲ್ಲೇ ಹೋಗಿ ಕೂತೆ. ಅವರು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮರೆತಿದ್ದೆ ಎನ್ನಲೇ? ಪೂರ್ತಿ ಮರೆತಿರಲಿಲ್ಲ... ನಿನ್ನೆಯಂತೆಯೇ ಇದ್ದಾರಲ್ಲ ಅನ್ನಿಸುತ್ತಿತ್ತು. ನಿನ್ನೆಯೂ ಹಾಗೆಯೇ ಅನ್ನಿಸಿತ್ತು.

ಆಮೇಲೆ ಕಾಕಿ ಬಂದಳು. ಮೊಮ್ಮಗ ಹುಟ್ಟಿದ ಖುಷಿಗೆ ಪೇಡೆಯ ಡಬ್ಬಿ ಹಿಡಿದು ನಗುತ್ತಲೇ ಒಳಗೆ ಕಾಲಿಟ್ಟವಳು, ಸರ್ ಅವರನ್ನು ನೋಡಿ ಅಲ್ಲೇ ನಿಂತಳು. ಡಬ್ಬಿ ಕೊಡುವುದನ್ನೂ ಮರೆತಳು. ಸೀದಾ ನನ್ನ ಕಡೆ ತಿರುಗಿದಳು.

"ನೀ ದಿನಾ ಇಲ್ಲೇ ಕುಂತಿದ್ದೆಲ್ಲವಾ, ನಿನಗ ಕಾಣಲಿಲ್ಲೇನು?"

ಆಗ ನೋಡಿದೆ. ಅಂಗಿಯೊಳಗೆ ಮನುಷ್ಯನೇ ಇಲ್ಲವೆಂಬಂತೆ ಇತ್ತು. ಮೊದಲ ದಿನ ಹೊಟ್ಟೆ ಹಿಡಿದು ನಕ್ಕ ಸರ್ ಇವರಾಗಿರಲಿಲ್ಲ. ಕಾಕಿ ಮೂರು ತಿಂಗಳ ಹಿಂದಿನ ಮುಖವನ್ನು ಮಾದರಿಗಿಟ್ಟುಕೊಂಡು ಬಂದಿದ್ದಳು. ನಾನು ದಿನವೂ ಹಿಂದಿನ ಕಾಯಿಗೆ ಹೋಲಿಸುತ್ತ ಕೂತಿದ್ದೆ. ಹಾಗೆ ಹೋಲಿಸಿದರೆ ಏನಾಗುತ್ತದೆಂಬ ಪಾಠವನ್ನು ಸರ್ ಅವರೇ ನನಗೆ ಕಲಿಸಿದ್ದರು. 

ಮರುದಿನವೇ ಅಡತಿಯ ತಮ್ಮ ಸರ್ ಅವರನ್ನು ಸೊಲ್ಲಾಪುರಕ್ಕೆ ಕರೆದೊಯ್ದರು. ಎರಡು ತಿಂಗಳ ಹಿಂದೆ ಬಂದಿದ್ದರೆ ನೋಡಬಹುದಿತ್ತು ಎಂದರಂತೆ ವೈದ್ಯರು. ಎರಡು ತಿಂಗಳ ಹಿಂದೆ ಎಂದರೆ ಹೆಚ್ಚುಕಡಿಮೆ ಆ ಸೋಮವಾರ. ನನ್ನ ಫಲಿತಾಂಶ ಬರುವ ಮೊದಲೇ ಸರ್ ಹೋದರು. ಪಾಸಾಗಿದ್ದೆ, ಒಳ್ಳೆಯ ಅಂಕ ಬಂದಿದ್ದವು. ಅವ್ವ ಸಕ್ಕರೆ ಬಾಯಿಗಿಟ್ಟಳು.

ಸೊಲ್ಲಾಪುರಕ್ಕೆ ಜೊತೆಗೆ ಬರುತ್ತೀಯಾ ಎಂದು ಅವರು ಕೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಕಾಕಿಗೂ ಹೇಳಲಿಲ್ಲ. ಈಗ ಅವ್ವ ನನ್ನ ಜೊತೆಗಿದ್ದಾಳೆ. ತಿಂಗಳಿಗೊಮ್ಮೆ ಅವಳ ಫೋಟೋ ತೆಗೆದು, ಹಿಂದಿನ ತಿಂಗಳದ್ದಕ್ಕಲ್ಲ, ಮೊಟ್ಟಮೊದಲನೆಯದಕ್ಕೆ ಹೋಲಿಸಿ ನೋಡುತ್ತೇನೆ. ಇದೆಂಥ ಹುಚ್ಚು ಎಂದು ಬೈಯುತ್ತಾಳೆ, ಬೈಯಲಿ.

ಆ ನಿಂಬೆಯ ಚೀಲವನ್ನು ಯಾರಿಗೂ ಹಂಚಗೊಡದೆ ಕ್ಲಾಸಿಗೆ ಒಯ್ದೆ. ಮೇಜಿನ ಮೇಲೆ ದೊಡ್ಡದರಿಂದ ಚಿಕ್ಕದರ ತನಕ ಸಾಲಾಗಿ ಇಟ್ಟೆ. ಪಕ್ಕಪಕ್ಕದವು ಒಂದೇ ಗಾತ್ರ ಅಲ್ಲವೇ ಎಂದರೆ ಎಲ್ಲರೂ ಹೌದೆಂದರು. ಮೊದಲನೆಯದನ್ನೂ ಕೊನೆಯದನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದಾಗ ನಕ್ಕರು. ನಿಂಬೆ ತಂದ ಹುಡುಗಿ ಮಾತ್ರ ನಗದೆ ಎದ್ದು ನಿಂತಳು.

"ಹಂಗಾರ ಎಲ್ಲಿಂದ ಬ್ಯಾರೆ ಆತ್ರಿ, ಮೇಡಂ? ಯಾವ ಕಾಯಿ ಅಂತ ಹೇಳಾಕ ಬರ್ತೈತೇನ್ರಿ?"

ಬರುವುದಿಲ್ಲ, ಅಂಥ ಒಂದು ಜಾಗವೇ ಇಲ್ಲ ಎಂದೆ. ಪುಸ್ತಕದ ಪ್ರಕಾರ ಅದೇ ಸರಿ. ಬರೆದುಕೊಳ್ಳಿರೆಂದು ಬೋರ್ಡಿನತ್ತ ತಿರುಗಿದೆ, ಮುಖ ಕಾಣಬಾರದೆಂದು. ನನ್ನ ಸಾಲಿನಲ್ಲಿ ಆ ಜಾಗ ಇತ್ತು. ಒಂದು ಸೋಮವಾರ ಸರ್ ಅದನ್ನು ಬೆರಳಿಟ್ಟು ತೋರಿಸಿದ್ದರು. ನಾನು ಪರೀಕ್ಷೆ ಮುಗೀಲಿ ಎಂದಿದ್ದೆ.