ಟವೆಲ್ಲಿನ ಕೆಳಗಿನ ಚುನಾವಣೆ

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಧಿಕಾರ ಎಂದರೇನು, ಸಮ್ಮತಿ ಎಂದರೇನು ಎಂದು ಕೇಳಿದರೆ ಹುಡುಗರು ಪುಸ್ತಕದ ವ್ಯಾಖ್ಯೆ ಒದರುತ್ತಾರೆ, ಅದನ್ನೂ ತಪ್ಪು ತಪ್ಪಾಗಿ. ಬೇಸತ್ತು ಈಗ ನಮ್ಮ ಶಿವರುದ್ರಪ್ಪ ಕಾಕಾನ ಕಥೆ ಹೇಳಲು ಶುರು ಮಾಡಿದ್ದೇನೆ.

ಕಾಕಾ ನಮ್ಮಪ್ಪನ ತಮ್ಮ. ಮಹಾಲಿಂಗಪುರದಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಹಿಡಿದವರು. ನಾನಿರುವುದೂ ಅವರ ಮನೆಯಲ್ಲೇ. ನಮ್ಮ ಓಣಿಯ ಕನ್ನಡದ ಮನೆಗಳೆಲ್ಲ ಸೇರಿ ಒಂದು ಮಂಡಳಿ ಮಾಡಿಕೊಂಡಿವೆ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಜೇಜುರಿಗೆ ದೇವರ ದರ್ಶನಕ್ಕೆ ಹೋಗಿ ಬರುವುದೇ ಅದರ ದೊಡ್ಡ ಕೆಲಸ. ಮೊದಲಿನಿಂದಲೂ ಕಾಕಾನೇ ಅಧ್ಯಕ್ಷರು. ಬಸ್ಸು ಎಷ್ಟಕ್ಕೆ ಹೊರಡಬೇಕು, ಯಾರು ಎಲ್ಲಿ ಕೂಡಬೇಕು, ಯಾವ ಭಜನೆ ಹಾಡಬೇಕು, ಎಲ್ಲ ಅವರು ಹೇಳಿದಂತೆ. ನೆರೆಮನೆಯ ಶರಣಮ್ಮ ಅವರು ಹೇಳಿದ ಜಾಗ ಬಿಟ್ಟು ಕಿಟಕಿ ಪಕ್ಕ ಕೂತಳೆಂದು ಒಮ್ಮೆ ಬಸ್ಸನ್ನೇ ನಿಲ್ಲಿಸಿದ್ದರು. ಹಾಗಂತ ಕೆಟ್ಟವರೇ? ಛೆ. ಯಾರ ಮನೆಯಲ್ಲಿ ಜ್ವರ ಬಂದರೂ ಮೊದಲು ಹೋಗಿ ನಿಲ್ಲುವವರು ಅವರೇ. ಇಂಥ ಒಳ್ಳೆಯ ಸರ್ವಾಧಿಕಾರಿಯನ್ನು ಇಳಿಸುವುದು ಕೆಟ್ಟವನನ್ನು ಇಳಿಸುವುದಕ್ಕಿಂತ ಕಷ್ಟ.

ಪ್ರತಿ ವರ್ಷ ಸಭೆಯಲ್ಲಿ, "ನಾ ಇರ್ಲ್ಯೋ ಬ್ಯಾಡೋ, ಕೈ ಎತ್ತಿ ಹೇಳ್ರಿ" ಎನ್ನುವರು. ಎಲ್ಲರ ಕೈಯೂ ಮೇಲೆ. ಅಂಗಡಿ ಮಗನ ಕೈಗೆ ಹೋದ ಮೇಲೆ ಕಾಕಾನಿಗೆ ಉಳಿದಿದ್ದು ಈ ಅಧ್ಯಕ್ಷಗಿರಿಯೊಂದೇ. ಅದರಲ್ಲೇ ಅವರ ಜೀವ.

ಈ ಸಲ ನನಗೆ ತಡೆಯಲಾಗಲಿಲ್ಲ. "ಕಾಕಾ, ಇದು ಒಪ್ಪಿಗಿ ಅಲ್ರಿ, ಮುಲಾಜು. ನಿಮ್ಮ ಮಾರಿ ನೋಡಿಕೋತ ಬ್ಯಾಡ ಅನ್ನಾವ್ರು ಯಾರು? ಗುಪ್ತ ಮತದಾನ ಮಾಡ್ರಿ" ಎಂದೆ.

"ಗುಪ್ತ ಅನ್ನೂದನ್ನ ನನಗ ಕಲಸ್ತೀಯೇನವಾ ರೇಣು?" ಎನ್ನುತ್ತ ಕಾಕಾ ಹೆಗಲ ಮೇಲಿನ ಟವೆಲ್ ತೆಗೆದರು. ಅವರ ಕಾಲದ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ ಕೆಳಗೆ ಕೈ ಸೇರಿಸಿ ಬೆರಳು ಒತ್ತುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. "ಒಬ್ಬೊಬ್ಬರ ಬರ್ರಿ. ನಾ ಬೇಕಂದ್ರ ಒಂದು ಬೆರಳು ಒತ್ರಿ, ಬ್ಯಾಡಂದ್ರ ಎರಡು."

"ಆದ್ರ ನಿಮಗ ಗೊತ್ತಾಗ್ತದಲ್ರಿ, ಕಾಕಾ."

"ನನಗ ಗೊತ್ತಾಗದಿದ್ರ ಎಣಸಾವ್ರು ಯಾರು?"

ಅಭ್ಯರ್ಥಿಯೇ ಮತಪೆಟ್ಟಿಗೆ. ಕಳ್ಳನ ಕೈಗೇ ಕೀಲಿ ಕೊಟ್ಟ ಹಾಗಾಯಿತಲ್ಲ ಎಂದು ಹಣೆ ಬಡಿದುಕೊಂಡೆ. ಆದರೆ ಸಾಲು ಆಗಲೇ ಹೊರಟಿತ್ತು. ನಮ್ಮ ಓಣಿಯ ಗುಮಾಸ್ತ ಪ್ರಲ್ಹಾದ ಮೇಲೆ ಫ್ಯಾನ್ ನೋಡುತ್ತ ಒತ್ತಿ ಬಂದ. ಶರಣಮ್ಮ ಕಣ್ಣು ಮುಚ್ಚಿ ಒತ್ತಿದಳು. ಹಬ್ಬದ ಮುಖ ಮಾಡಿಕೊಂಡು ಕೂತಿದ್ದ ಕಾಕಾನ ನಗು ಅರ್ಧ ಸಾಲು ಮುಗಿಯುವಷ್ಟರಲ್ಲಿ ಇಳಿದಿತ್ತು. ಕೊನೆಗೆ ಬಂದವರು ಅವರ ಹೆಂಡತಿ ಸುಮಂಗಲಾ ಕಾಕು. ಮನೆಯಲ್ಲಿ ಕಾಕಾ ಏನೇ ಹೇಳಲಿ, ಕಾಕು ಹೂಂ ಎನ್ನುವುದೂ ಇಲ್ಲ, ಊಹೂಂ ಎನ್ನುವುದೂ ಇಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಬರೆದವನು ಇವರನ್ನು ನೋಡಿಯೇ ಬರೆದಿರಬೇಕು. ಅವರ ಕೈ ಟವೆಲ್ ಕೆಳಗೆ ತುಸು ಹೆಚ್ಚು ಹೊತ್ತೇ ಇತ್ತು.

ಫಲಿತಾಂಶ ಗೊತ್ತಿದ್ದುದು ಕಾಕಾನೊಬ್ಬರಿಗೇ. ಗೆದ್ದೆ ಎಂದಿದ್ದರೆ ಮುಗಿಯುತ್ತಿತ್ತು. ಬೇಡವೆಂದ ಪ್ರತಿಯೊಬ್ಬರೂ, ಹಾಗೆಂದವರು ತಾವೊಬ್ಬರೇ ಇರಬೇಕು ಎಂದುಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದರು. ಎಷ್ಟೋ ರಾಜ್ಯಗಳು ನಡೆದಿದ್ದೇ ಹೀಗೆ.

ಕಾಕಾ ಟವೆಲ್ ಝಾಡಿಸಿದರು. "ಸೌದಾ ಅಂದ್ರ ಸೌದಾ. ಟವೆಲ್ ಕೆಳಗ ಕುದುರಿದ ವ್ಯಾಪಾರ ತಿರುಗೂದಿಲ್ಲ. ಹೊಸಾ ಅಧ್ಯಕ್ಷರನ್ನ ಆರಿಸ್ಕೋರಿ" ಎಂದು ಚಪ್ಪಲಿ ಮೆಟ್ಟಿದರು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ಪ್ರಲ್ಹಾದ ಹಿಂದೆಯೇ ಓಡಿ ಬಂದ. "ತಪ್ಪು ತಿಳೀಬ್ಯಾಡ್ರಿ ಸಾವ್ಕಾರ್ರ. ನಾಲ್ಕು ಮಂದಿ ಮುಂದ ನಿಮಗ ಬ್ಯಾಡ ಅನ್ನಾಕ ಮನಸ್ಸು ಬರ್ತಿರ್ಲಿಲ್ಲ. ಟವೆಲ್ ಕೆಳಗಂದ್ರ ನಿಮ್ಮ ಕಿವ್ಯಾಗ ಹೇಳಿದಂಗ ಆತು." ಇವರೆಲ್ಲ ಕೈ ಎತ್ತುವುದು ಭಯದಿಂದ ಎಂದು ನಾನು ತಿಳಿದಿದ್ದೆ. ಪ್ರೀತಿಗೂ ಅಷ್ಟೇ ಮುಲಾಜು ಇರುತ್ತದೆಂದು ನನ್ನ ಯಾವ ಪಾಠದಲ್ಲೂ ಬಂದಿರಲಿಲ್ಲ.

ಮನೆಗೆ ಬಂದು ಕಾಕಾ ಕಾಕುವಿನ ಎದುರಿಗೆ ಕೂತರು. ಕಾಕು ಕೊತ್ತಂಬರಿ ಸೋಸುತ್ತಿದ್ದರು. ಆಮೇಲೆ ಕಾಕಾ ಕೇಳಿಯೇಬಿಟ್ಟರು.

"ಓಣಿ ಮಂದಿ ಹೋಗ್ಲಿ. ನೀನೂ ಎರಡು ಬೆರಳು ಒತ್ತಿದೆಲ್ಲ?"

ಕಾಕು ತಲೆ ಎತ್ತಲಿಲ್ಲ. "ಲಗ್ನ ಆದಾಗಿಂದ ನೀವು ನನ್ನೊಬ್ಬಾಕಿನ್ನ ಏನರ ಕೇಳಿದ್ದು ಇದ ಮೊದಲ್ನೇ ಸಲ ರೀ. ಕೇಳಿದ್ರಿ, ಹೇಳಿದೆ."

ಕಾಕಾ ಹೆಗಲ ಟವೆಲ್ ತೆಗೆದು ತೊಡೆಯ ಮೇಲೆ ಮಡಚಿಟ್ಟರು. ಮೆಲ್ಲಗೆ, "ಮತ್ತ... ಇನ್ನೂ ಏನೇನ್ ಕೇಳಬೇಕಾಗಿತ್ತು?" ಎಂದರು.

ಕಾಕು ಕೊತ್ತಂಬರಿಯ ಇನ್ನೊಂದು ಕಟ್ಟನ್ನು ಅವರ ಮುಂದೆ ಸರಿಸಿದರು.

"ಇದನ್ನ ಸೋಸ್ಕೋತ ಕುಂದರ್ರಿ. ಹೇಳ್ತೀನಿ."